ಮೂರು ರಾತ್ರಿಯೋ, ನಾಲ್ಕೋ, ವ್ಯಾಂಕೂವರ್‌ನಿಂದಲೋ? ಪೆಸಿಫಿಕ್ ತೀರದ ಅಗ್ಗದ ಕ್ರೂಸ್ ಆರಿಸುವ ಮೊದಲು

ಅಪ್ಪ ಅಮ್ಮ ಊರಿಂದ ಬಂದು ಎರಡು ತಿಂಗಳಾಯಿತು. ಯೊಸೆಮಿಟಿ ಆಯಿತು, ವೇಗಸ್ ಆಯಿತು, ಲಿವರ್‌ಮೋರ್ ದೇವಸ್ಥಾನಕ್ಕೆ ನಾಲ್ಕು ಸಲ ಹೋಗಿದ್ದೂ ಆಯಿತು. ಈಗ ಒಂದು ಸಲ ಹಡಗು ಹತ್ತಿಸಿಬಿಡೋಣ ಅಂತ ಆಸೆ. ಅಲಾಸ್ಕಾಕ್ಕೆ ಒಂದು ವಾರ ರಜೆ ಬೇಕು, ನಾಲ್ಕು ಜನಕ್ಕೆ ಲೆಕ್ಕ ಹಾಕಿದರೆ ಎದೆ ಝಲ್ ಅನ್ನುತ್ತದೆ. ಹಾಗಾಗಿ ಕಣ್ಣು ಹೋಗುವುದು ಪಶ್ಚಿಮ ತೀರದ ಮೂರು-ನಾಲ್ಕು ರಾತ್ರಿಯ ಅಗ್ಗದ ಕ್ರೂಸ್‌ಗಳ ಮೇಲೆ. ಹುಡುಕಿದರೆ ರಾಶಿ ಸಿಗುತ್ತವೆ, ಎಲ್ಲ ಒಂದೇ ಥರ ಕಾಣುತ್ತವೆ, ದರ ಮಾತ್ರ ದಿನಕ್ಕೊಂದು. ಇದನ್ನು ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಒಂದೇ ಸಲ ಬರೆದು ಇಡುತ್ತಿದ್ದೇನೆ.

ನಾನು ಬೇ ಏರಿಯಾದವಳು, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನವಳು. ಇಂಥ ಪುಟ್ಟ ಕ್ರೂಸ್ ಮೂರು ಮಾಡಿದ್ದೇನೆ. ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚ್‌ನಿಂದ ಮೂರು ರಾತ್ರಿಯದು ಮಕ್ಕಳ ಜೊತೆ, ನಾಲ್ಕು ರಾತ್ರಿಯದು ಅತ್ತೆ ಮಾವನ ಜೊತೆ, ವ್ಯಾಂಕೂವರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದದ್ದು ಗಂಡನ ಜೊತೆ. ಮೂರೂ ಬೇರೆ ಬೇರೆ ಜಾತಿಯವು. ದರ ನೋಡಿ ಆರಿಸಿದ್ದು ಮೊದಲನೆಯದೊಂದೇ, ಮತ್ತೆ ಆ ತಪ್ಪು ಮಾಡಲಿಲ್ಲ.

ಮೊದಲು ಒಂದು ಹಳೇ ಕಾನೂನು

ಇದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಅಮೆರಿಕದಲ್ಲಿ 1886ರ ಪ್ಯಾಸೆಂಜರ್ ವೆಸೆಲ್ ಸರ್ವಿಸಸ್ ಆ್ಯಕ್ಟ್ ಅಂತ ಒಂದಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಊರಿನಲ್ಲಿ ಜನರನ್ನು ಹತ್ತಿಸಿಕೊಂಡು ಸುಮ್ನೆ ಇನ್ನೊಂದು ಊರಿನಲ್ಲಿ ಇಳಿಸುವ ಹಾಗಿಲ್ಲ. ಹತ್ತಿದ ಊರಿಗೇ ವಾಪಸ್ ತಂದರೂ ನಡುವೆ ಒಂದು ಪರದೇಶದ ಬಂದರು ಮುಟ್ಟಿರಬೇಕು. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಮ್ಮಿ ಬಹಾಮಾಸ್, ಪನಾಮಾ, ಬರ್ಮುಡಾ ಬಾವುಟದವು. ಅದಕ್ಕೇ ಲಾಸ್ ಏಂಜಲೀಸ್ ಕಡೆಯಿಂದ ಹೊರಡುವ ಮೂರು-ನಾಲ್ಕು ರಾತ್ರಿಯ ಕ್ರೂಸ್ ಹೆಚ್ಚುಕಮ್ಮಿ ಎಲ್ಲವೂ ಮೆಕ್ಸಿಕೋದ ಎನ್ಸೆನಾಡಕ್ಕೆ ಹೋಗಿ ಮುಖ ತೋರಿಸಿ ಬರುತ್ತದೆ. "ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹತ್ತಿ ಎಲ್ಎಯಲ್ಲಿ ಇಳಿಯೋಣ, ಎರಡು ರಾತ್ರಿ ಸಾಕು" ಅಂತ ತುಂಬಾ ಜನ ಕೇಳುತ್ತಾರೆ. ಅದು ಇಲ್ಲ. ವ್ಯಾಂಕೂವರ್‌ನಲ್ಲಿ ಹತ್ತಿ ಎಲ್ಎಯಲ್ಲಿ ಇಳಿಯಬಹುದು, ಯಾಕೆಂದರೆ ಹತ್ತಿದ್ದೇ ಕೆನಡಾದಲ್ಲಿ.

ಇದರ ಇನ್ನೊಂದು ಅರ್ಥ ನಮ್ಮಂಥವರಿಗೆ ಮುಖ್ಯ. ಯಾವ ಕ್ರೂಸ್ ತಗೊಂಡರೂ ನೀವು ಅಮೆರಿಕ ಬಿಟ್ಟು ಮತ್ತೆ ಒಳಗೆ ಬರುತ್ತಿದ್ದೀರಿ.

ಹಾಗಾಗಿ ನನ್ನ ಅಳತೆಗೋಲಿನಲ್ಲಿ ಮೊದಲು ಬರುವುದು ಕಾಗದಪತ್ರ. ಆಮೇಲೆ ಎಷ್ಟು ರಜೆ ಖರ್ಚಾಗುತ್ತದೆ, ಹಡಗಿನ ಮೇಲೆ ನಿಜವಾಗಿ ಎಷ್ಟು ದಿನ ಸಿಗುತ್ತದೆ. ಮೂರನೆಯದು ಮನೆಯಿಂದ ಮನೆಗೆ ಒಟ್ಟು ದುಡ್ಡು. ನಾಲ್ಕನೆಯದು ಜೊತೆಗೆ ಯಾರು ಬರುತ್ತಾರೆ: ಮೊಣಕಾಲು ನೋವಿನವರಾ, ಚಿಕ್ಕ ಮಕ್ಕಳಾ, ಬಸ್ಸಿನಲ್ಲೇ ವಾಂತಿ ಮಾಡುವವರಾ. ಹಡಗಿನ ಹೆಸರು, ಕಂಪನಿ, ನೀರಿನ ಜಾರುಬಂಡಿ ಇವೆಲ್ಲ ಕೊನೆಗೆ.

ಕಾಗದ

ಭಾರತದ ಪಾಸ್‌ಪೋರ್ಟ್ ಇದ್ದು ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಬಿ2 ಅಂದರೆ ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಹತ್ತು ವರ್ಷದ ಮಲ್ಟಿಪಲ್ ಎಂಟ್ರಿ ಇದ್ದರೆ ಎನ್ಸೆನಾಡ ಸಲೀಸು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ, ಹತ್ತಿದ ಬಂದರಿಗೇ ವಾಪಸ್ ಬರುವ ಇಂಥ ಪ್ರವಾಸದಲ್ಲಿ, ಜನನ ಪತ್ರ ಸಾಕಾಗುತ್ತದೆ. ಆದರೂ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಎನ್ಸೆನಾಡದಲ್ಲಿ ಹಡಗು ತಪ್ಪಿಸಿಕೊಂಡರೆ ಅದೇ ದಿಕ್ಕು.

ಕೆನಡಾ ಕಥೆ ಬೇರೆ. ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ. ಎಚ್1ಬಿ, ಎಲ್1 ಕೆಲಸದ ವೀಸಾದಲ್ಲಿ, ಬಿ2ದಲ್ಲಿರುವ ಭಾರತೀಯರಿಗೆ ಬೇಕೇ ಬೇಕು. ನಮ್ಮ ವ್ಯಾಂಕೂವರ್ ಪ್ರವಾಸಕ್ಕೆ ಇನ್ನೊಂದು ಜೋಡಿ ಬರಬೇಕಿತ್ತು, ಇಬ್ಬರೂ ಎಚ್1ಬಿ. "ಹಡಗು ಅಲ್ಲಿಂದ ಹೊರಡುತ್ತೆ ಅಷ್ಟೇ, ನಾವೇನು ಕೆನಡಾ ನೋಡೋಕೆ ಹೋಗ್ತಿದೀವಾ" ಅಂದುಕೊಂಡರು. ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್ ದಾಟಲಿಲ್ಲ. ಹಡಗಿನ ದುಡ್ಡೂ ಹೋಯಿತು, ವಿಮಾನದ್ದೂ ಹೋಯಿತು.

ವೀಸಾ ಮುದ್ರೆಯ ಅವಧಿ ಮುಗಿದು ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಮಾತ್ರ ಚಾಲ್ತಿಯಲ್ಲಿರುವವರು ಸಾವಿರಾರು ಜನ ಇದ್ದಾರೆ. ಮೆಕ್ಸಿಕೋ, ಕೆನಡಾಕ್ಕೆ 30 ದಿನದೊಳಗೆ ಹೋಗಿ ಬಂದರೆ ಹಳೇ ಮುದ್ರೆಯಲ್ಲೇ ಒಳಗೆ ಬಿಡುವ ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಅನ್ನುವ ನಿಯಮ ಇದೆ ನಿಜ. ಆದರೆ ಟರ್ಮಿನಲ್‌ನಲ್ಲಿ ನಿಮ್ಮ ಪಾಸ್‌ಪೋರ್ಟ್ ತಿರುವಿ ಹಾಕುವ ಹುಡುಗಿಗೆ ಅದು ಗೊತ್ತಿರಬೇಕಲ್ಲ! ಕ್ರೂಸ್ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳದೆ ದುಡ್ಡು ಕಟ್ಟಬೇಡಿ. ಗ್ರೀನ್ ಕಾರ್ಡ್ ಅರ್ಜಿ ಐ-485 ಹಂತದಲ್ಲಿದ್ದರೆ ಮೊದಲು ವಕೀಲರು, ಆಮೇಲೆ ಹಡಗು.

ಕಾಗದ ಸರಿಯಿಲ್ಲ ಅಂತಾದರೆ ಬೇಜಾರಿಲ್ಲ. ಲಾಂಗ್ ಬೀಚ್‌ನಿಂದ ಕ್ಯಾಟಲಿನಾ ದ್ವೀಪಕ್ಕೆ ಫೆರಿ ಇದೆ, ಸುಮಾರು ಒಂದು ಗಂಟೆ, ದೇಶ ಬಿಡುವ ಪ್ರಶ್ನೆಯೇ ಇಲ್ಲ. ಸ್ಯಾನ್ ಲೂಯಿಸ್ ಒಬಿಸ್ಪೊದಿಂದ ಸ್ಯಾನ್ ಡಿಯಾಗೋಗೆ ಪೆಸಿಫಿಕ್ ಸರ್ಫ್‌ಲೈನರ್ ರೈಲು ಎಷ್ಟೋ ದೂರ ಸಮುದ್ರದ ಅಂಚಿನಲ್ಲೇ ಓಡುತ್ತದೆ. ನಿಜ ಹೇಳಬೇಕೆಂದರೆ ತೀರ ನೋಡುವ ಆಸೆಗೆ ಹಡಗಿಗಿಂತ ಆ ರೈಲೇ ಒಳ್ಳೆಯದು.

ದುಡ್ಡಿನ ನಿಜವಾದ ಲೆಕ್ಕ

2024ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಶುಲ್ಕ ಸೇರಿಸಿಯೇ ದರ ತೋರಿಸಬೇಕು ಅಂತ ಕಾನೂನು ಬಂದಿದೆ, ಹಾಗಾಗಿ ಮೊದಲಿನಷ್ಟು ಮೋಸ ಹೋಗುವುದಿಲ್ಲ. ಆದರೂ ಒಂದು ಉದಾಹರಣೆ ನೋಡಿ. ನಾಲ್ಕು ರಾತ್ರಿಗೆ ಕಿಟಕಿ ಇಲ್ಲದ ಒಳಕೋಣೆ, ಶುಲ್ಕ ಸೇರಿ ಒಬ್ಬರಿಗೆ 400 ಡಾಲರ್ ಅಂದುಕೊಳ್ಳಿ. ಇಬ್ಬರಿಗೆ 800. ಅದರ ಮೇಲೆ ಟಿಪ್ಸ್, ತಲೆಗೆ ದಿನಕ್ಕೆ 17ರ ಹಾಗೆ 136. ಬಂದರಿನ ಪಾರ್ಕಿಂಗ್ ದಿನಕ್ಕೆ 25ರ ಆಸುಪಾಸು, ಸೋಮವಾರದಿಂದ ಶುಕ್ರವಾರ ಐದು ದಿನ, 125. ಬೇ ಏರಿಯಾದಿಂದ ಹೋಗಿ ಬರಲು ಪೆಟ್ರೋಲು 150. ಅಲ್ಲಿಗೆ 1,200 ದಾಟಿತು. ಇನ್ನೂ ವೈಫೈ ಇಲ್ಲ, ಸೋಡಾ ಇಲ್ಲ, ಎನ್ಸೆನಾಡದಲ್ಲಿ ಬಸ್ಸು ಹತ್ತಿಲ್ಲ. ಇಷ್ಟಾದರೂ ಊಟ, ಕೋಣೆ, ಆಟ, ನಾಟಕ ಎಲ್ಲ ಸೇರಿರುವಾಗ ದುಬಾರಿ ಅನ್ನಲಾರೆ. 800 ಅಂತ ಹೋಗಿ 1,200 ಕೊಟ್ಟರೆ ಮಾತ್ರ ಮನಸ್ಸು ಹುಳಿಯಾಗುತ್ತದೆ.

ದರ ಎಲ್ಲ ಕೋಣೆಗೆ ಇಬ್ಬರು ಅನ್ನುವ ಲೆಕ್ಕದ್ದು. ಒಬ್ಬರೇ ಹೋದರೆ ಹೆಚ್ಚುಕಮ್ಮಿ ಇಬ್ಬರ ದುಡ್ಡು. ಮೂರನೆಯವರು, ನಾಲ್ಕನೆಯವರು ಅದೇ ಕೋಣೆಯಲ್ಲಿ ಮಲಗಿದರೆ ತುಂಬಾ ಕಡಿಮೆ. ಆದರೆ ಅಪ್ಪ ಅಮ್ಮನನ್ನು ಗೋಡೆಯಿಂದ ಇಳಿಯುವ ಮಂಚಕ್ಕೆ ಹತ್ತಿಸಬೇಡಿ, ಅವರಿಗೆ ಬೇರೆ ಕೋಣೆ ಮಾಡಿ.

ಮೂರು ರಾತ್ರಿಯ ಎನ್ಸೆನಾಡ

ಶುಕ್ರವಾರ ಮಧ್ಯಾಹ್ನ ಹತ್ತುವುದು, ಶನಿವಾರ ಎನ್ಸೆನಾಡ, ಭಾನುವಾರ ಸಮುದ್ರ, ಸೋಮವಾರ ಬೆಳಿಗ್ಗೆ ತಿಂಡಿ ಕೊಟ್ಟು ಇಳಿಸುತ್ತಾರೆ. ಮೂರು ರಾತ್ರಿ ಅಂದರೂ ಕೈಗೆ ಸಿಗುವುದು ಎರಡೇ ಪೂರ್ತಿ ದಿನ. ಲಾಂಗ್ ಬೀಚ್‌ನಿಂದ ಕಾರ್ನಿವಲ್, ಪಕ್ಕದ ಸ್ಯಾನ್ ಪೆಡ್ರೊದಿಂದ ರಾಯಲ್ ಕ್ಯಾರಿಬಿಯನ್ ಇಂಥ ಪುಟ್ಟ ಪ್ರವಾಸ ನಡೆಸುತ್ತವೆ. ಎನ್ಸೆನಾಡ ರಸ್ತೆಯಲ್ಲಿ ಹೋದರೆ ಒಂದೇ ಹಗಲಿನ ದಾರಿ, ಹಡಗಿಗೆ ಒಂದು ರಾತ್ರಿ ಸಾಕು. ಹಾಗಾಗಿ ವಾಪಸ್ ಬರುವ ಭಾನುವಾರ ಹಡಗು ಎಲ್ಲಿಗೂ ಹೋಗುವ ಅವಸರವಿಲ್ಲದೆ ನೀರಿನ ಮೇಲೆ ತೇಲಾಡುತ್ತಿರುತ್ತದೆ. ಜನರೂ ಹಾಗೇ. ವಾರಾಂತ್ಯದ್ದು ಆದ್ದರಿಂದ ಬ್ಯಾಚಲರ್ ಪಾರ್ಟಿ, ಹುಟ್ಟುಹಬ್ಬ, ರಾತ್ರಿ ಎರಡು ಗಂಟೆಗೂ ಓಣಿಯಲ್ಲಿ ಹಾಡು.

ಇದರ ದೊಡ್ಡ ಲಾಭ ಅಂದರೆ ಎರಡೇ ದಿನ ರಜೆ ಸಾಕು. ಮಕ್ಕಳಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಅವರಿಗೆ ಊರು ಬೇಕಿಲ್ಲ, ಈಜುಕೊಳ, ಜಾರುಬಂಡಿ, ಎಷ್ಟು ಸಲ ಬೇಕಾದರೂ ಐಸ್‌ಕ್ರೀಮ್, ಅಷ್ಟೇ. ಮಕ್ಕಳ ಕ್ಲಬ್ ಕಾರ್ನಿವಲ್‌ನಲ್ಲಿ ಎರಡು ವರ್ಷದಿಂದ, ರಾಯಲ್‌ನಲ್ಲಿ ಮೂರರಿಂದ. ಡೈಪರ್ ಹಾಕುವ ಮಗುವನ್ನು ಕೊಳಕ್ಕೆ ಬಿಡುವುದಿಲ್ಲ, ಇದು ಗೊತ್ತಿಲ್ಲದೆ ಬಂದು ಕೊಳದ ಅಂಚಿನಲ್ಲಿ ಅಳುವ ಮಗುವನ್ನು ಎತ್ತಿಕೊಂಡು ನಿಂತವರನ್ನು ನೋಡಿದ್ದೇನೆ.

ಎನ್ಸೆನಾಡ ಒಂದು ಸಲಕ್ಕೆ ಚೆನ್ನ. ಎಲ್ಲರೂ ಲಾ ಬುಫಡೋರಾಕ್ಕೆ ಹೋಗುತ್ತಾರೆ. ಬಂಡೆ ಸಂದಿಗೆ ನುಗ್ಗಿದ ಅಲೆ ಕಾರಂಜಿಯ ಹಾಗೆ ಮೇಲಕ್ಕೆ ಚಿಮ್ಮುವ ಜಾಗ. ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಆಮೇಲೆ ಅಂಗಡಿ ಸಾಲಿನ ನಡುವೆ ನಡಿಗೆ, ಕೊನೆಗೆ ಗುಡುಗಿದಂಥ ಸದ್ದು, ಮುಖಕ್ಕೆ ಉಪ್ಪುನೀರು. ಸಸ್ಯಾಹಾರಿಗಳು ಬೀನ್ಸ್ ಅಂತ ಧೈರ್ಯವಾಗಿ ತಿನ್ನಬೇಡಿ, ಅದರಲ್ಲಿ ಹಂದಿಕೊಬ್ಬು ಹಾಕುವ ರೂಢಿ ಇದೆ. "ಸಿನ್ ಕಾರ್ನೆ, ಸಿನ್ ಮಾಂಟೆಕಾ" ಅಂತ ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ. ಎರಡನೇ ಸಲ ಹೋದಾಗ ನಾನು ಹಡಗು ಬಿಟ್ಟು ಇಳಿಯಲೇ ಇಲ್ಲ. ಎಲ್ಲರೂ ಊರಿಗೆ ಹೋಗಿರುತ್ತಾರೆ, ಬಿಸಿನೀರಿನ ತೊಟ್ಟಿ ಪೂರ್ತಿ ನಮ್ಮದು.

ನಾಲ್ಕು ರಾತ್ರಿ, ಕ್ಯಾಟಲಿನಾ ಸೇರಿಸಿ

ಸೋಮವಾರ ಹೊರಟು ಶುಕ್ರವಾರ ಬೆಳಿಗ್ಗೆ ವಾಪಸ್. ರಾತ್ರಿಯ ಲೆಕ್ಕದಲ್ಲಿ ಮೂರಕ್ಕಿಂತ ಅಗ್ಗ ಬೀಳುವುದೇ ಹೆಚ್ಚು, ಜನ ನಿಧಾನದವರು, ಗಲಾಟೆ ಕಡಿಮೆ. ಒಂದೇ ತೊಂದರೆ, ಒಂದು ವಾರದ ರಜೆಯನ್ನೇ ನುಂಗುತ್ತದೆ. ಶುಕ್ರವಾರ ಮಧ್ಯಾಹ್ನ ಕೆಲಸಕ್ಕೆ ಲಾಗಿನ್ ಆಗುತ್ತೇನೆ ಅಂತ ಮ್ಯಾನೇಜರ್‌ಗೆ ಮಾತು ಕೊಡಬೇಡಿ.

ಕ್ಯಾಟಲಿನಾ ಚಂದದ ಜಾಗ. ಅವಲಾನ್ ಅನ್ನುವ ಪುಟ್ಟ ಊರು, ಕಾರು ಇಟ್ಟುಕೊಳ್ಳಲು ಕಡಿವಾಣ ಇರುವುದರಿಂದ ಎಲ್ಲರೂ ಗಾಲ್ಫ್ ಕಾರ್ಟ್‌ನಲ್ಲೇ ಓಡಾಡುತ್ತಾರೆ. ಬಂದರಿನ ತುದಿಯಲ್ಲಿ 1929ರ ಗುಂಡನೆಯ ಕಟ್ಟಡ, ಹೆಸರು ಕ್ಯಾಸಿನೊ, ಜೂಜು ಮಾತ್ರ ಯಾವತ್ತೂ ನಡೆದದ್ದಿಲ್ಲ.

ಆದರೆ ಹಡಗು ಅಲ್ಲಿ ದಡಕ್ಕೆ ಬರುವುದಿಲ್ಲ. ದೂರದಲ್ಲಿ ನಿಲ್ಲುತ್ತದೆ, ಚಿಕ್ಕ ದೋಣಿಗೆ ಇಳಿದು ಹೋಗಬೇಕು. ಈ ಒಂದು ವಿಷಯ ಯಾರೂ ಹೇಳಿರಲಿಲ್ಲ. ನಮ್ಮ ಮಾವನಿಗೆ ಎರಡೂ ಮೊಣಕಾಲು ನೋವು. ಹಡಗಿನ ಹೊಟ್ಟೆಯ ಬಾಗಿಲಲ್ಲಿ ನಿಂತರೆ ಮುಂದೆ ದೋಣಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿದೆ. ಇಬ್ಬರು ಸಿಬ್ಬಂದಿ ಎರಡು ತೋಳು ಹಿಡಿದು ಅಲೆ ನೋಡುತ್ತಾ ನಿಂತರು. "ನೌ ಸರ್" ಅಂದ ಕೂಡಲೇ ಕಾಲು ಇಡಬೇಕು. ಮೊದಲ ಸಲ ಮಾವ ಇಡಲಿಲ್ಲ. ಹಿಂದೆ ಐವತ್ತು ಜನ ಸಾಲು. ಎರಡನೇ ಸಲ ಇಟ್ಟರು, ದೋಣಿಯಲ್ಲಿ ಕೂತ ಮೇಲೆ ಹತ್ತು ನಿಮಿಷ ಮಾತಾಡಲಿಲ್ಲ. ಸಂಜೆ ಮಾತ್ರ ಊರಿಗೆ ಫೋನ್ ಮಾಡಿದಾಗ ಅದೇ ಕಥೆ, ಅದೂ ದೊಡ್ಡದಾಗಿ. ಅಲೆ ಜೋರಿದ್ದರೆ ಕ್ಯಾಟಲಿನಾ ರದ್ದಾಗುವುದೂ ಉಂಟು. ಗಾಲಿಕುರ್ಚಿಯವರು ಇದನ್ನು ನಂಬಿ ಬುಕ್ ಮಾಡಬಾರದು. ಎನ್ಸೆನಾಡದಲ್ಲಿ ಹಡಗು ಕಟ್ಟೆಗೇ ತಾಗಿ ನಿಲ್ಲುತ್ತದೆ.

ವ್ಯಾಂಕೂವರ್‌ನಿಂದ ಕೆಳಗೆ

ನನ್ನ ಪಾಲಿಗೆ ಇದೇ ಚಿನ್ನ, ಆದರೆ ಎಲ್ಲರಿಗೂ ಅಲ್ಲ. ಅಲಾಸ್ಕಾ ಋತು ಮುಗಿದ ಮೇಲೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ, ಹಡಗುಗಳು ದಕ್ಷಿಣಕ್ಕೆ ಬರಬೇಕು. ಖಾಲಿ ಬರುವ ಬದಲು ಜನರನ್ನು ಹತ್ತಿಸಿಕೊಂಡು ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಇದೇ ತಿರುಗಾಮುರುಗಾ. ನಮ್ಮ ಕಡೆ ಬಾಡಿಗೆ ಇಳಿಸಿದ ಟ್ಯಾಕ್ಸಿಯವನು ವಾಪಸ್ ಬರುವಾಗ ಕಡಿಮೆಗೆ ಹತ್ತಿಸಿಕೊಳ್ಳುತ್ತಾನಲ್ಲ, ಅದೇ ವ್ಯವಹಾರ. ಮೂರರಿಂದ ಐದು ರಾತ್ರಿ, ಒಳಕೋಣೆ ರಾತ್ರಿಗೆ ತಲೆಗೆ 100 ಡಾಲರ್ ಒಳಗೆ ಸಿಗುವುದು ಅಪರೂಪವಲ್ಲ. ಅಲಾಸ್ಕಾಕ್ಕೆ ಹೋಗುವ ಒಳ್ಳೊಳ್ಳೆ ಹಡಗುಗಳೇ ಇವು, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಅಂಥ ಕಂಪನಿಗಳವು.

ಕೂಡಿಸಬೇಕಾದದ್ದು ವ್ಯಾಂಕೂವರ್‌ಗೆ ಒಂದು ಕಡೆಯ ವಿಮಾನ, ಅಲ್ಲಿ ಒಂದು ರಾತ್ರಿ ಹೋಟೆಲ್. ಅದೇ ದಿನ ಬೆಳಿಗ್ಗೆ ಹಾರಿ ಹಡಗು ಹಿಡಿಯುತ್ತೇನೆ ಅನ್ನುವ ಸಾಹಸ ಬೇಡ. ಕಳೆಯುವುದು ಪಾರ್ಕಿಂಗ್. ನಾವು ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 27ರಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು ಎಂಬಾರ್ಕಡೆರೊಗೆ ನಡೆದು, ಬಾರ್ಟ್ ರೈಲು ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆವು.

ಇಮಿಗ್ರೇಶನ್ ಕೆಲಸ ವ್ಯಾಂಕೂವರ್‌ನ ಕೆನಡಾ ಪ್ಲೇಸ್‌ನಲ್ಲಿ ಹತ್ತುವ ಮೊದಲೇ ಅಮೆರಿಕದ ಅಧಿಕಾರಿಗಳ ಮುಂದೆ ಮುಗಿಯುತ್ತದೆ, ಸಾಲು ಉದ್ದ. ಹಡಗು ಹೊರಟ ಸ್ವಲ್ಪ ಹೊತ್ತಿಗೆ ಲಯನ್ಸ್ ಗೇಟ್ ಸೇತುವೆ ಕೆಳಗೆ ಹಾಯುತ್ತದೆ. ನಮಗೆ ನಡುವೆ ಆಸ್ಟೋರಿಯಾ ಸಿಕ್ಕಿತು, ಕೊಲಂಬಿಯಾ ನದಿ ಸಮುದ್ರ ಸೇರುವ ಊರು. 164 ಮೆಟ್ಟಿಲು ಹತ್ತಿದರೆ ಆಸ್ಟೋರಿಯಾ ಕಾಲಂ ತುದಿಯಿಂದ ನದಿ, ಸೇತುವೆ, ಸಮುದ್ರ ಮೂರೂ ಕಾಣುತ್ತವೆ. ಕೆಲವು ಹಡಗು ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ, ಅಲ್ಲಿ ಬುಚಾರ್ಟ್ ಗಾರ್ಡನ್ಸ್ ನೋಡಬಹುದು.

ಆದರೆ ಇಂಥ ಪ್ರವಾಸಕ್ಕೆ ಇಟ್ಟಿರುವ ಪೆಸಿಫಿಕ್ ಕೋಸ್ಟಲ್ ಅನ್ನುವ ಹೆಸರು ನಂಬಿ ತೀರ ನೋಡುತ್ತಾ ಹೋಗುತ್ತೇವೆ ಅಂದುಕೊಳ್ಳಬೇಡಿ. ಹಡಗು ದಡದಿಂದ ಎಷ್ಟೋ ಮೈಲಿ ಆಚೆ ಹೋಗುತ್ತದೆ. ಬಿಗ್ ಸರ್‌ನ ಕಡಿದಾದ ತೀರ ಕಾಣುತ್ತದೆ ಅಂತ ಬಾಲ್ಕನಿಗೆ ಜಾಸ್ತಿ ದುಡ್ಡು ಕೊಟ್ಟವರು ನೀರು ನೋಡಿಕೊಂಡು ಬರುತ್ತಾರೆ. ಚಳಿ ಬೇರೆ. ಈಜುಕೊಳ ಖಾಲಿ. ಓರೆಗಾನ್ ಆಚೆ ಸಮುದ್ರ ಹಡಗನ್ನು ತೊಟ್ಟಿಲಿನ ಹಾಗೆ ತೂಗುತ್ತದೆ. ನನ್ನ ಗಂಡ ಒಂದು ಪೂರ್ತಿ ದಿನ ಹಸಿರು ಸೇಬು, ಬಿಸ್ಕತ್ತು, ಅಮ್ಮ ಊರಿಂದ ಕಳಿಸಿದ ಅವೊಮಿನ್ ಮಾತ್ರೆಯಲ್ಲೇ ಕಳೆದರು. ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇದ್ದರೆ ಅಲುಗಾಟ ಕಡಿಮೆ. ವಸಂತದಲ್ಲಿ ಉತ್ತರಕ್ಕೆ ಹೋದರೆ ಗಾಳಿ, ಅಲೆ ಎರಡೂ ಎದುರು, ಹಾಗಾಗಿ ಶರತ್ಕಾಲದಲ್ಲಿ ಕೆಳಗೆ ಬರುವುದೇ ಮೇಲು. ಶಾಲೆಗೆ ಹೋಗುವ ಮಕ್ಕಳಿದ್ದರೆ ಆ ಸಮಯ ಆಗುವುದಿಲ್ಲ, ಇದೇ ಇದರ ದೊಡ್ಡ ಕೊರತೆ.

ಕೊನೆಯ ಬೆಳಿಗ್ಗೆ ಐದೂವರೆಗೆ ಎದ್ದು ಶಾಲು ಹೊದ್ದು ಮೇಲಿನ ಡೆಕ್ಕಿಗೆ ಹೋದೆವು. ಪೂರ್ತಿ ಮಂಜು. ಎಲ್ಲಿಂದಲೋ ಫಾಗ್‌ಹಾರ್ನ್ ಕೋಣ ಕೂಗಿದ ಹಾಗೆ ಕೂಗುತ್ತಿತ್ತು. ಇದ್ದಕ್ಕಿದ್ದಂತೆ ತಲೆ ಮೇಲೆ ಕೆಂಪು ಕಬ್ಬಿಣ, ಅದರ ಮೇಲೆ ಕಾರುಗಳ ಸದ್ದು, ಹಡಗಿನ ಚಿಮಣಿ ಇನ್ನೇನು ತಗುಲಿತು ಅನ್ನುವಷ್ಟು ಹತ್ತಿರ. ಗೋಲ್ಡನ್ ಗೇಟ್ ಮೇಲೆ ನಾನು ನೂರು ಸಲ ಕಾರು ಓಡಿಸಿದ್ದೇನೆ, ಅದರ ಹೊಟ್ಟೆ ನೋಡಿದ್ದು ಅವತ್ತೇ. ಯಾರೂ ಮಾತಾಡಲಿಲ್ಲ, ನನ್ನ ಗಂಡ ಕೂಡ.

ಉಳಿದವು

ಐದು ರಾತ್ರಿಯ ಕಾಬೊ ಸ್ಯಾನ್ ಲೂಕಸ್ ಪ್ರವಾಸಕ್ಕೆ ನಿಜವಾದ ಬಿಸಿಲು ಬೇಕು ಅನ್ನುವವರು ಹೋಗಿ. ಹೋಗಲು ಬರಲು ಸಮುದ್ರದ ದಿನಗಳೇ ಹೆಚ್ಚು, ಅಲ್ಲೂ ದೋಣಿಯೇ. ಸ್ಯಾನ್ ಫ್ರಾನ್ಸಿಸ್ಕೋದಿಂದಲೇ ಹೊರಟು ಅಲ್ಲಿಗೇ ಬರುವವು ಮುಖ್ಯವಾಗಿ ಒಂದು ವಾರ, ಅದಕ್ಕೂ ಮೇಲಿನವು. ಅಗ್ಗದ ಪುಟ್ಟ ಕ್ರೂಸ್ ಅನ್ನುವ ಮಾತು ಅಲ್ಲಿಗೆ ಒಪ್ಪುವುದಿಲ್ಲ. ವ್ಯಾಂಕೂವರ್–ಸಿಯಾಟಲ್ ನಡುವೆ ಒಂದೇ ರಾತ್ರಿಯದೂ ಆಗಾಗ ಬರುತ್ತದೆ. ಹಡಗು ನಮಗೆ ಆಗುತ್ತದಾ ಅಂತ ನೋಡಲು ಪರವಾಗಿಲ್ಲ, ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಕಟ್ಟಬೇಕು.

ಹಾಗಾದರೆ ಅಪ್ಪ ಅಮ್ಮನಿಗೆ ಯಾವುದು? ಬಿ2 ವೀಸಾ, ಕೆನಡಾ ವೀಸಾ ಇಲ್ಲ, ನಡೆದಾಡುತ್ತಾರೆ ಅಂದರೆ ನಾಲ್ಕು ರಾತ್ರಿ. ನಡೆಯುವುದು ಕಷ್ಟ ಅಂದರೆ ಮೂರು ರಾತ್ರಿಯದೇ ಆಗಲಿ, ಆದರೆ ಕುಣಿತದ ಜಾಗದ ಕೆಳಗಿನ ಕೋಣೆ ಬೇಡ. ಅವರ ಪ್ರವಾಸಿ ವಿಮೆ ಹಡಗಿನ ಆಸ್ಪತ್ರೆಗೆ ಅನ್ವಯವಾಗುತ್ತದಾ ಅಂತ ಓದಿ ನೋಡಿ. ಸಮಯದ ವಿಷಯದಲ್ಲಿ, ಮೇ, ಜೂನ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ತೀರದಲ್ಲಿ ಮಧ್ಯಾಹ್ನದವರೆಗೂ ಮೋಡ ಕವಿದಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಬೆಚ್ಚಗೆ, ಶಾಲೆ ಶುರುವಾಗಿರುವುದರಿಂದ ದರವೂ ಇಳಿದಿರುತ್ತದೆ. ಚಳಿಗಾಲದಲ್ಲಿ ಅಗ್ಗ, ಅದೃಷ್ಟ ಇದ್ದರೆ ತಿಮಿಂಗಿಲ ಕಾಣುತ್ತದೆ.

ಸಸ್ಯಾಹಾರದ ಚಿಂತೆ ಅಷ್ಟು ಬೇಡ. ಬುಕ್ ಮಾಡುವಾಗಲೇ ಇಂಡಿಯನ್ ವೆಜಿಟೇರಿಯನ್ ಅಂತ ಬರೆಸಿ, ಮೊದಲ ರಾತ್ರಿ ಊಟದ ಮನೆಯಲ್ಲಿ ಹೆಡ್ ವೇಟರ್‌ನನ್ನು ಹುಡುಕಿ ಹೇಳಿ. ನಮ್ಮವನು ಕುಂದಾಪುರದವನಾಗಿದ್ದ. ಅತ್ತೆ ಕನ್ನಡದಲ್ಲಿ ಗೊಣಗಿದ್ದು ಕೇಳಿಸಿಕೊಂಡು ನಕ್ಕು, "ನಾಳೆ ಎಂತ ಬೇಕು ಈಗಲೇ ಹೇಳಿ ಮಾರಾಯ್ರೆ" ಅಂದ. ಮಾರನೇ ದಿನ ಅನ್ನ, ತೊವ್ವೆ, ಬೆಂಡೆಕಾಯಿ ಪಲ್ಯ ಬಂತು. ಉಪ್ಪಿನಕಾಯಿ ಮಾತ್ರ ಬಾಟಲಿಯದು.

ಮನೆಯಲ್ಲಿ ಮಾಡಿದ ತಿಂಡಿ ಹಡಗಿಗೆ ಬಿಡುವುದಿಲ್ಲ, ಸೀಲ್ ಆದ ಪ್ಯಾಕೆಟ್ ಪರವಾಗಿಲ್ಲ. ಕೆಟಲ್, ರೈಸ್ ಕುಕ್ಕರ್ ಪೆಟ್ಟಿಗೆಯಲ್ಲಿ ಸಿಕ್ಕರೆ ಎತ್ತಿಟ್ಟುಕೊಂಡು ಕೊನೇ ದಿನ ಕೊಡುತ್ತಾರೆ, ನಮ್ಮದು ಹಾಗೇ ಹೋಯಿತು. ಸ್ಟೀಲ್ ಕಾಫಿ ಫಿಲ್ಟರಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಬಫೆಯಲ್ಲಿ ಕುದಿಯುವ ನೀರು ಬೆಳಗಿನ ಜಾವದಿಂದಲೇ ಇರುತ್ತದೆ, ಬಿಸಿ ಹಾಲು ಕೇಳಿದರೆ ಕೊಡುತ್ತಾರೆ. ಪುಡಿ ಮಾತ್ರ ಹೊಸ ಪ್ಯಾಕೆಟ್, ಒಡೆಯದೆ ತಗೊಂಡು ಹೋಗಿ.